ಕ್ಲಿಕ್ ಮಾಡುವ ಮೊದಲು: ಕಂಪ್ಯೂಟರ್ ಕೇಸ್‌ಗಳನ್ನು ಬಿಡಿಸುವ ಬಗೆ, ವೈದ್ಯಕೀಯ ವಿದ್ಯಾರ್ಥಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಅಭ್ಯಾಸಕ್ಕೆಂದು ಕಂಪ್ಯೂಟರ್‌ನಲ್ಲಿ ಕಟ್ಟಿದ ಕಾಲ್ಪನಿಕ ರೋಗಿಯ ಕಥೆ, ಅಂದರೆ ಒಂದು ಕೇಸ್. ಪರದೆಯ ಮೇಲೆ ಎರಡೇ ಸಾಲು ಇತ್ತು. "61 ವರ್ಷದ ಗಂಡಸು. ಎರಡು ಗಂಟೆಯಿಂದ ಎದೆನೋವು." ನನ್ನ ಪಕ್ಕ ಕೂತಿದ್ದ ವಿದ್ಯಾರ್ಥಿ ಅದನ್ನು ಓದಿ ಮುಗಿಸುವ ಮೊದಲೇ ಮೌಸ್ ಓಡತೊಡಗಿತ್ತು. ಇಸಿಜಿ, ಟ್ರೋಪೋನಿನ್, ರಕ್ತದ ಎಣಿಕೆ, ಲಿವರ್ ಟೆಸ್ಟ್, ಥೈರಾಯ್ಡ್ ಟೆಸ್ಟ್. ಒಂದು ನಿಮಿಷದೊಳಗೆ ಹದಿನೆಂಟು ಟೆಸ್ಟ್ ಆರ್ಡರ್ ಆಗಿದ್ದವು. "ಥೈರಾಯ್ಡ್ ಯಾಕೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಲಿಸ್ಟ್‌ನಲ್ಲಿ ಇತ್ತು ಸರ್" ಅಂದ.

ಅವನು ಸೋಮಾರಿ ಅಲ್ಲ. ಓದಿದ ಹುಡುಗ. ಥೈರಾಯ್ಡ್ ಬಗ್ಗೆ ಕೇಳಿದರೆ ಅರ್ಧ ಗಂಟೆ ಮಾತಾಡಬಲ್ಲ. ಆದರೆ ಕಂಪ್ಯೂಟರ್ ಮುಂದೆ ಕೂತಾಗ ಅವನು ರೋಗಿಯ ಬಗ್ಗೆ ಯೋಚಿಸುತ್ತಿರಲಿಲ್ಲ, ಮೆನು ಓದುತ್ತಿದ್ದ. ಇದು ಎಲ್ಲರಿಗೂ ಆಗುತ್ತದೆ. ಪರದೆಯ ರೋಗಿ ಸೂಜಿ ಚುಚ್ಚಿದರೆ ಮುಖ ಕಿವುಚುವುದಿಲ್ಲ. ಸಿಟಿ ಸ್ಕ್ಯಾನ್‌ಗೆ ಕಳಿಸಿದರೆ ಕಾಯುವುದಿಲ್ಲ, ಬಿಲ್ ಕೊಡುವುದಿಲ್ಲ, "ಇನ್ನೆಷ್ಟು ಟೆಸ್ಟ್ ಡಾಕ್ಟ್ರೇ?" ಅಂತ ಕೇಳುವುದೂ ಇಲ್ಲ. ಸರಿಯುತ್ತರ ಒಂದು ಕ್ಲಿಕ್ ದೂರದಲ್ಲಿದೆ. ಹಾಗಿರುವಾಗ ಕೈ ತಾನಾಗೇ ಅತ್ತ ಹೋಗುತ್ತದೆ ಅಲ್ವಾ?

ಇಷ್ಟು ವರ್ಷ ವಿದ್ಯಾರ್ಥಿಗಳ ಪಕ್ಕದಲ್ಲಿ ಕೂತು ನೋಡಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಕಲಿಕೆ ನಡೆಯುವುದು ಕ್ಲಿಕ್ ಮಾಡಿದಾಗ ಅಲ್ಲ, ಅದಕ್ಕೆ ಮೊದಲಿನ ಕೆಲವು ಸೆಕೆಂಡುಗಳಲ್ಲಿ. ಆ ಸೆಕೆಂಡುಗಳನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಈ ಬರಹದಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಉದ್ದಕ್ಕೂ ಆ 61 ವರ್ಷದ ರೋಗಿಯನ್ನೇ ಜೊತೆಗಿಟ್ಟುಕೊಳ್ಳೋಣ.

## ಸ್ವಲ್ಪ ಹಿನ್ನೆಲೆ

ಕಂಪ್ಯೂಟರ್ ಮುಂದೆ ಕೂತು ರೋಗಿಯನ್ನು ನೋಡಿಕೊಳ್ಳುವುದು ಹೊಸತೇನಲ್ಲ. 1960ರ ದಶಕದಲ್ಲೇ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಪಾಠ ಕಲಿತರು. 1969ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ ತನ್ನ ಹೊಸ ವೈದ್ಯಕೀಯ ಶಾಲೆಯ ಪಾಠವನ್ನೇ ಸಮಸ್ಯೆಗಳ ಸುತ್ತ ಕಟ್ಟಿತು. ಮೊದಲು ಪಾಠ, ಆಮೇಲೆ ರೋಗಿ ಎಂಬ ಕ್ರಮ ತಿರುಗಿ, ರೋಗಿಯ ಕಥೆಯಿಂದಲೇ ಪಾಠ ಶುರುವಾಯಿತು. ಇವತ್ತಿನ ವರ್ಚುವಲ್ ರೋಗಿಗಳಲ್ಲಿ ಈ ಎರಡೂ ಎಳೆಗಳಿವೆ.

ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. ವೈದ್ಯರು ನಿಜವಾಗಿ ಹೇಗೆ ಯೋಚಿಸುತ್ತಾರೆ ಅಂತ ಆರ್ಥರ್ ಎಲ್‌ಸ್ಟೀನ್ ಮತ್ತು ಜೊತೆಗಾರರು ವರ್ಷಗಟ್ಟಲೆ ಗಮನಿಸಿ, 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ಅನುಭವಿ ವೈದ್ಯರು ಎಲ್ಲ ಮಾಹಿತಿ ಕೂಡಿಹಾಕಿ ಆಮೇಲೆ ಯೋಚಿಸುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಹಾಗಿರಲಿಲ್ಲ. ರೋಗಿ ಬಾಯಿ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಅವರ ತಲೆಯಲ್ಲಿ ಕೆಲವು ಊಹೆಗಳು ಹುಟ್ಟುತ್ತಿದ್ದವು. ಮುಂದಿನ ಪ್ರಶ್ನೆಗಳೆಲ್ಲ ಆ ಊಹೆಗಳನ್ನು ಪರೀಕ್ಷಿಸಲು. ವಿದ್ಯಾರ್ಥಿಗಳೂ ಊಹೆ ಮಾಡುತ್ತಾರೆ. ವಿಧಾನ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರುವುದು ಊಹೆಯ ಹಿಂದಿನ ತಿಳಿವಳಿಕೆಯಲ್ಲಿ, ಅದನ್ನು ತಲೆಯಲ್ಲಿ ಜೋಡಿಸಿಟ್ಟ ರೀತಿಯಲ್ಲಿ.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶ ಕಂಡಿತು. ಒಂದು ಕೇಸ್ ಚೆನ್ನಾಗಿ ಬಿಡಿಸಿದವರು ಮುಂದಿನದನ್ನೂ ಚೆನ್ನಾಗಿ ಬಿಡಿಸುತ್ತಾರೆ ಅಂತ ಹೇಳಲು ಬರುತ್ತಿರಲಿಲ್ಲ. ಹಾಗಾಗಿ ಎದೆನೋವಿನ ಹತ್ತು ಕೇಸ್ ಮಾಡಿ "ನನಗೆ ಕ್ಲಿನಿಕಲ್ ರೀಸನಿಂಗ್ (ರೋಗಪತ್ತೆಯ ಯೋಚನಾಕ್ರಮ) ಬಂತು" ಅಂದುಕೊಳ್ಳಬೇಡಿ. ಬಂದಿರುವುದು ಎದೆನೋವು. ತಲೆಸುತ್ತು, ಕಾಲು ಊತ, ಮಗುವಿನ ಜ್ವರ, ಇವಕ್ಕೆಲ್ಲ ಬೇರೆ ಬೇರೆ ಅಭ್ಯಾಸ ಬೇಕು.

## ಕೂರುವ ಮುನ್ನ

ಒಂದು ಹಾಳೆ, ಒಂದು ಪೆನ್ನು ಇರಲಿ. ಸ್ಕ್ರೀನ್ ಮೇಲಿನ ನೋಟ್ಸ್ ಬಾಕ್ಸ್ ಸಾಲದು, ಯಾಕೆಂದರೆ ಅದನ್ನು ಖಾಲಿ ಬಿಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ. ಖಾಲಿ ಹಾಳೆ ಕಣ್ಣಿಗೆ ಹೊಡೆಯುತ್ತದೆ.

ಸಾಫ್ಟ್‌ವೇರ್‌ನಲ್ಲಿ ಎರಡು ರೀತಿ ಇದ್ದರೆ, ಅಂದರೆ ಟೈಮರ್ ಓಡುವ ಪರೀಕ್ಷೆಯ ರೀತಿ ಮತ್ತು ನಿಧಾನವಾಗಿ ಕಲಿಯುವ ರೀತಿ, ಮೊದಲ ಕೆಲವು ತಿಂಗಳು ಎರಡನೆಯದನ್ನೇ ಆರಿಸಿ. ವೇಗ ಆಮೇಲೆ ಬರುತ್ತದೆ. ಒಂದು ಕೂರುವಿಕೆಗೆ ಎರಡು ಅಥವಾ ಮೂರು ಕೇಸ್ ಸಾಕು. ಹನ್ನೆರಡು ಕೇಸ್ ಮುಗಿಸಿದೆ ಅಂತ ಹೇಳುವವರನ್ನು ನೋಡಿ ಹೆದರಬೇಡಿ. ಅವರು ಕೇಸ್ ಬಿಡಿಸಿದರೋ, ಬರೀ ಓದಿದರೋ ಅಂತ ಕೇಳಿ ನೋಡಿ.

## ಹೆಜ್ಜೆ 1: ಎರಡು ಸಾಲು ಓದಿ, ಮೌಸ್‌ನಿಂದ ಕೈ ತೆಗೆಯಿರಿ

ನಿಜವಾಗಿಯೂ ಕೈ ತೆಗೆಯಿರಿ. ಪೆನ್ನು ಹಿಡಿಯಿರಿ. ಕೇಸ್‌ನ ಮೊದಲ ಸಾಲು ಓದಿದ ತಕ್ಷಣ ತಲೆಗೆ ಬಂದ ಮೂರು ಕಾಯಿಲೆ ಬರೆಯಿರಿ. ಸರಿ ಇರಬೇಕು ಅಂತಿಲ್ಲ. ಬಂದದ್ದು ಬರೆಯಿರಿ.

61 ವರ್ಷ, ಗಂಡಸು, ಎರಡು ಗಂಟೆಯ ಎದೆನೋವು. ಹೃದಯಾಘಾತ ಅಂತ ಎಲ್ಲರೂ ಬರೆಯುತ್ತಾರೆ. ಎರಡನೆಯದು? ಮೂರನೆಯದು? ಇಲ್ಲಿ ಒಂದು ನಿಯಮ ಇಟ್ಟುಕೊಳ್ಳಿ. ಒಂದು ಕಾಯಿಲೆ, ಸಾಮಾನ್ಯವಾಗಿ ಕಾಣುವುದು. ಇನ್ನೊಂದು, ಬಿಟ್ಟುಬಿಟ್ಟರೆ ಜೀವ ಹೋಗುವಂಥದ್ದು. ಮೂರನೆಯದು, ಬೇರೆಯೇ ಅಂಗದ್ದು. ನಮ್ಮ ರೋಗಿಗೆ: ಹೃದಯಾಘಾತ, ಮಹಾಪಧಮನಿಯ ಗೋಡೆ ಸೀಳುವ ಅಯೋರ್ಟಿಕ್ ಡಿಸೆಕ್ಷನ್, ಅನ್ನನಾಳದ ತೊಂದರೆ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿರಬಹುದಾದ ಪಲ್ಮನರಿ ಎಂಬಾಲಿಸಂ ಬರೆದರೂ ಸರಿಯೇ.

ಪ್ರತಿಯೊಂದರ ಮುಂದೆ ಒಂದು ಅಂಕಿ ಹಾಕಿ. ಹೃದಯಾಘಾತ 60, ಡಿಸೆಕ್ಷನ್ 10, ಹೀಗೆ. ಅಂಕಿ ನಿಮ್ಮ ಅಂದಾಜು ಅಷ್ಟೆ, ಅದಕ್ಕೆ ಯಾರೂ ಮಾರ್ಕ್ಸ್ ಕೊಡುವುದಿಲ್ಲ. ಆದರೆ ಅಂಕಿ ಬರೆದಾಗ ಮಾತ್ರ ಮುಂದೆ ಬರುವ ಪ್ರತಿ ಮಾಹಿತಿ ಅದನ್ನು ಮೇಲೆ ಏರಿಸಿತೋ ಕೆಳಗೆ ಇಳಿಸಿತೋ ಅಂತ ನೋಡಲು ಆಗುತ್ತದೆ.

## ಹೆಜ್ಜೆ 2: ಪ್ರಶ್ನೆಗೊಂದು ಕಾರಣ

ಕಂಪ್ಯೂಟರ್ ಕೇಸ್‌ಗಳಲ್ಲಿ ಹಿಸ್ಟರಿ ಕೇಳುವುದು ಎರಡು ತರಹ. ಕೆಲವದರಲ್ಲಿ ನೀವೇ ಪ್ರಶ್ನೆ ಟೈಪ್ ಮಾಡಬೇಕು. ಹೆಚ್ಚಿನವುಗಳಲ್ಲಿ ಪ್ರಶ್ನೆಗಳ ಪಟ್ಟಿ ಮೊದಲೇ ಇರುತ್ತದೆ. ಈ ಪಟ್ಟಿಯೇ ದೊಡ್ಡ ತೊಡಕು. "ನೋವು ಬೆನ್ನಿಗೆ ಹರಡುತ್ತದೆಯೇ?" ಅಂತ ಪಟ್ಟಿಯಲ್ಲಿ ಓದಿದ ಕೂಡಲೇ ನಿಮಗೆ ಡಿಸೆಕ್ಷನ್ ನೆನಪಾಗುತ್ತದೆ. ನಿಜವಾದ ರೋಗಿಯ ಹಾಸಿಗೆ ಪಕ್ಕ ಆ ಪಟ್ಟಿ ತೂಗುಹಾಕಿರುವುದಿಲ್ಲ. ಅಲ್ಲಿ ನೆನಪು ಒಳಗಿನಿಂದಲೇ ಬರಬೇಕು.

ಅದಕ್ಕೊಂದು ಸುಲಭ ಉಪಾಯ ಇದೆ. ಮೆನು ತೆರೆಯುವ ಮೊದಲು ಐದು ಪ್ರಶ್ನೆ ಹಾಳೆಯ ಮೇಲೆ ಬರೆಯಿರಿ. ಆಮೇಲೆ ಮೆನು ತೆರೆದು ಆ ಐದನ್ನೇ ಹುಡುಕಿ. ಪ್ರತಿ ಪ್ರಶ್ನೆಗೂ ಮನಸ್ಸಲ್ಲೇ ಒಂದು ವಾಕ್ಯ ಹೇಳಿಕೊಳ್ಳಿ: "ಹೌದು ಅಂದರೆ ಇದು ಏರುತ್ತದೆ, ಇಲ್ಲ ಅಂದರೆ ಇದು ಇಳಿಯುತ್ತದೆ." ವಾಕ್ಯ ಪೂರ್ತಿ ಆಗದಿದ್ದರೆ ಆ ಪ್ರಶ್ನೆ ಸದ್ಯಕ್ಕೆ ಬೇಡ.

ಉದಾಹರಣೆಗೆ "ಬೆವರು ಬಂತಾ?" ಅನ್ನುವ ಪ್ರಶ್ನೆ. ಹೃದಯಾಘಾತದಲ್ಲೂ ಬೆವರು, ಡಿಸೆಕ್ಷನ್‌ನಲ್ಲೂ ಬೆವರು. ಅದು ರೋಗಿ ಎಷ್ಟು ಕಷ್ಟದಲ್ಲಿದ್ದಾನೆ ಅಂತ ಹೇಳುತ್ತದೆಯೇ ಹೊರತು ಇವೆರಡನ್ನು ಬೇರೆ ಮಾಡುವುದಿಲ್ಲ. ಅದೇ "ನೋವು ಶುರುವಾದ ಕ್ಷಣ ಹೇಗಿತ್ತು?" ಅಂತ ಕೇಳಿ ನೋಡಿ. ಹೃದಯಾಘಾತದ ನೋವು ಸಾಮಾನ್ಯವಾಗಿ ಏರುತ್ತಾ ಹೋಗುತ್ತದೆ. ಡಿಸೆಕ್ಷನ್‌ನ ನೋವು ಮೊದಲ ಕ್ಷಣದಲ್ಲೇ ತುತ್ತತುದಿ ಮುಟ್ಟಿರುತ್ತದೆ. ಈ ಒಂದು ಪ್ರಶ್ನೆ ಹತ್ತು ಪ್ರಶ್ನೆಗೆ ಸಮ.

ನಮ್ಮ ರೋಗಿ ಉತ್ತರಿಸಿದ: ಕುರ್ಚಿಯಿಂದ ಏಳುವಾಗ ಒಂದೇ ಸಲಕ್ಕೆ ಹಿಡಿಯಿತು. ಅಷ್ಟು ಜೋರಾದ ನೋವು ಜೀವನದಲ್ಲೇ ಕಂಡಿಲ್ಲ. ಮೊದಲು ಎದೆಯಲ್ಲಿತ್ತು, ಆಮೇಲೆ ಬೆನ್ನಿನ ಮಧ್ಯಕ್ಕೆ ಹೋಯಿತು. ಹದಿನೈದು ವರ್ಷದಿಂದ ಬಿಪಿ ಇದೆ, ಮಾತ್ರೆ ನೆನಪಾದಾಗ ಮಾತ್ರ.

## ಹೆಜ್ಜೆ 3: ಒಂದೇ ವಾಕ್ಯದಲ್ಲಿ ಹೇಳಿ

ಈ ಹೆಜ್ಜೆಯನ್ನು ಹೆಚ್ಚಿನವರು ಹಾರಿಬಿಡುತ್ತಾರೆ. ಎಕ್ಸಾಮಿನೇಷನ್‌ಗೆ ಹೋಗುವ ಮೊದಲು ಕೇಸನ್ನು ಒಂದೇ ವಾಕ್ಯಕ್ಕೆ ಇಳಿಸಿ ಬರೆಯಿರಿ. ರೋಗಿ ಹೇಳಿದ ಮಾತನ್ನು ಹಾಗೇ ಕಾಪಿ ಮಾಡುವುದಲ್ಲ, ವೈದ್ಯರ ಭಾಷೆಗೆ ತಿರುಗಿಸಬೇಕು. ಹಠಾತ್ತೋ ನಿಧಾನವೋ, ಒಂದೇ ಕಡೆಯೋ ಎರಡೂ ಕಡೆಯೋ, ಬಿಟ್ಟು ಬಿಟ್ಟು ಬರುತ್ತದೋ ಸತತವೋ, ಒಂದು ಕೀಲೋ ಹಲವು ಕೀಲೋ. ಇಂಥ ಜೋಡಿ ಪದಗಳು ಬರೀ ಅಲಂಕಾರವಲ್ಲ. ತಲೆಯೊಳಗಿನ ಸರಿಯಾದ ಕಪಾಟಿನ ಬಾಗಿಲು ತೆರೆಯುವುದು ಇವೇ.

ವಿದ್ಯಾರ್ಥಿ ಮೊದಲು ಬರೆದದ್ದು ಹೀಗಿತ್ತು: "61 ವರ್ಷದ ಗಂಡಸು, ಎದೆನೋವು, ಬೆನ್ನುನೋವು, ಬೆವರು, ಬಿಪಿ ಇದೆ." ಇದು ದಿನಸಿ ಚೀಟಿಯ ಹಾಗಿದೆ. ಎಲ್ಲ ಇದೆ, ಏನೂ ಕೂಡಿಲ್ಲ.

ಎರಡನೇ ಸಲ ಬರೆಸಿದಾಗ: "ಬಹಳ ವರ್ಷದಿಂದ ಹತೋಟಿಗೆ ಬಾರದ ಬಿಪಿ ಇರುವ 61ರ ಗಂಡಸಿಗೆ ಹಠಾತ್ತಾಗಿ, ಶುರುವಿನಲ್ಲೇ ಅತಿ ತೀವ್ರವಾಗಿದ್ದು, ಎದೆಯಿಂದ ಬೆನ್ನಿಗೆ ಸರಿದ ನೋವು." ಬರೆದು ಮುಗಿಸಿದವನೇ ತಲೆ ಎತ್ತಿ, "ಸರ್, ಇದು ಅಯೋರ್ಟಾ ಇರಬಹುದು ಅಲ್ವಾ?" ಅಂದ. ಹೊಸ ಮಾಹಿತಿ ಒಂದೂ ಸೇರಿರಲಿಲ್ಲ. ವಾಕ್ಯ ಬದಲಾಗಿತ್ತು ಅಷ್ಟೆ.

ಹಾಳೆಯಲ್ಲಿ ಅಂಕಿ ತಿದ್ದಿ. ಹೃದಯಾಘಾತ 40, ಡಿಸೆಕ್ಷನ್ 45.

## ಹೆಜ್ಜೆ 4: ಹುಡುಕುವುದು ಏನೆಂದು ಗೊತ್ತಿದ್ದು ಪರೀಕ್ಷಿಸಿ

"ಪೂರ್ತಿ ದೇಹ ಪರೀಕ್ಷೆ" ಅಂತ ಒಂದು ಬಟನ್ ಇರುತ್ತದೆ. ಅದನ್ನು ಒತ್ತಿದರೆ ಒಂದು ಪುಟ ಮಾಹಿತಿ ಬೀಳುತ್ತದೆ. ಅದರಲ್ಲಿ ಬೇಕಾದ ಸಾಲು ಕಣ್ಣಿಗೇ ಬೀಳದೆ ಹೋಗಬಹುದು. ಬೇಡ, ಒಂದೊಂದಾಗಿ ಕೇಳಿ.

ನಮ್ಮ ಕೇಸ್‌ನಲ್ಲಿ ವೈಟಲ್ಸ್ (ನಾಡಿ, ಉಸಿರು, ಬಿಪಿ ಮುಂತಾದವು) ಅಂತ ಒತ್ತಿದರೆ ಒಂದೇ ಬಿಪಿ ಬರುತ್ತಿತ್ತು: 168/94. ಇನ್ನೊಂದು ಕೈಯ ಬಿಪಿ ಬೇಕೆಂದರೆ ಬೇರೆಯಾಗಿ ಕೇಳಬೇಕು. ಅಲ್ಲಿ 132/80 ಇತ್ತು. ಎರಡು ಕೈಗಳ ಬಿಪಿಯ ಮೇಲಿನ ಅಂಕಿಯಲ್ಲಿ 20ಕ್ಕಿಂತ ಹೆಚ್ಚಿನ ವ್ಯತ್ಯಾಸ ಇದ್ದರೆ ಇಂಥ ನೋವಿನ ರೋಗಿಯಲ್ಲಿ ಅದು ಗಂಭೀರ ಸುಳಿವು. ಕೇಸ್ ಬರೆದವರು ಅದನ್ನು ಬೇಕೆಂದೇ ಮರೆಯಲ್ಲಿಟ್ಟಿದ್ದರು. ಕೇಳಿದವರಿಗೆ ಮಾತ್ರ ಸಿಗುತ್ತದೆ. ಆಸ್ಪತ್ರೆಯಲ್ಲೂ ಅದು ಹಾಗೇ ತಾನೇ? ಇನ್ನೊಂದು ಕೈಗೆ ಪಟ್ಟಿ ಸುತ್ತದಿದ್ದರೆ ಆ ಅಂಕಿ ಇಲ್ಲವೇ ಇಲ್ಲ.

ಹೃದಯದ ಸದ್ದು ಕೇಳುವ ಆಡಿಯೋ ಇದ್ದರೆ ಹೆಡ್‌ಫೋನ್ ಹಾಕಿ ಕೇಳಿ. ಕೆಳಗಿನ ವಿವರಣೆ ಓದುವ ಮೊದಲು ನಿಮಗೆ ಏನು ಕೇಳಿಸಿತು ಅಂತ ಬರೆಯಿರಿ. ಎಕ್ಸ್‌ರೇಗೂ ಇದೇ ಕ್ರಮ: ಮೊದಲು ಚಿತ್ರ, ನಿಮ್ಮ ಮಾತು, ಆಮೇಲೆ ವರದಿ. ಈ ರೋಗಿಯಲ್ಲಿ ಎದೆಯ ಮಧ್ಯದ ನೆರಳು ಅಗಲವಾಗಿತ್ತು, ಅದೂ ಡಿಸೆಕ್ಷನ್‌ಗೆ ಹೊಂದುವ ಸುಳಿವು.

## ಹೆಜ್ಜೆ 5: ಟೆಸ್ಟ್ ಕೇಳುವ ಮೊದಲು ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲೋಣ. ಇಷ್ಟು ಹೊತ್ತು ಹೇಳಿದ್ದಕ್ಕಿಂತ ಇದು ಮುಖ್ಯ ಅಂತ ನನಗೆ ಅನಿಸುತ್ತದೆ.

1978ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಸೇರಿದ ಆಸ್ಪತ್ರೆಗಳಲ್ಲಿ 60 ಜನರಿಗೆ ಒಂದು ಪ್ರಶ್ನೆ ಕೇಳಿದರು. ಅವರಲ್ಲಿ ವಿದ್ಯಾರ್ಥಿಗಳಿದ್ದರು, ಹಿರಿಯ ವೈದ್ಯರೂ ಇದ್ದರು. ಪ್ರಶ್ನೆ ಇದು: ಒಂದು ಕಾಯಿಲೆ 1000 ಜನರಲ್ಲಿ ಒಬ್ಬರಿಗೆ ಇದೆ. ಅದರ ಟೆಸ್ಟ್, ಕಾಯಿಲೆ ಇಲ್ಲದವರಲ್ಲಿ ಶೇ 5ರಷ್ಟು ಜನರಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ರೋಗಿಯ ಬಗ್ಗೆ ಬೇರೇನೂ ಗೊತ್ತಿಲ್ಲ. ಟೆಸ್ಟ್ ಪಾಸಿಟಿವ್ ಬಂದಿದೆ. ಅವರಿಗೆ ನಿಜವಾಗಿ ಕಾಯಿಲೆ ಇರುವ ಸಾಧ್ಯತೆ ಎಷ್ಟು?

ಮುಂದೆ ಓದಬೇಡಿ. ಹಾಳೆಯಲ್ಲಿ ನಿಮ್ಮ ಉತ್ತರ ಬರೆಯಿರಿ.

ಅವರಲ್ಲಿ ಸುಮಾರು ಅರ್ಧದಷ್ಟು ಜನ ಶೇ 95 ಅಂದರು. ಸರಿಯಾಗಿ ಹೇಳಿದವರು 11 ಜನ. ಈಗ ಶೇಕಡಾ ಬಿಟ್ಟು ತಲೆ ಎಣಿಸೋಣ. 1000 ಜನರನ್ನು ಸಾಲಾಗಿ ನಿಲ್ಲಿಸಿ. ಒಬ್ಬರಿಗೆ ಕಾಯಿಲೆ ಇದೆ, ಅವರ ಟೆಸ್ಟ್ ಪಾಸಿಟಿವ್ ಅಂತಿಟ್ಟುಕೊಳ್ಳಿ. ಉಳಿದ 999 ಜನರಲ್ಲಿ ಶೇ 5, ಅಂದರೆ ಸುಮಾರು 50 ಜನರಿಗೆ ಸುಮ್ನೆ ಪಾಸಿಟಿವ್ ಬರುತ್ತದೆ. ಒಟ್ಟು ಪಾಸಿಟಿವ್ 51. ಅದರಲ್ಲಿ ನಿಜವಾದ ರೋಗಿ ಒಬ್ಬರು. ಉತ್ತರ ಸುಮಾರು ಶೇ 2.

ಹದಿನೆಂಟು ಟೆಸ್ಟ್ ಒಟ್ಟಿಗೆ ಒತ್ತಿದರೆ ಏನಾಗುತ್ತದೆ ಅಂತ ಈಗ ಯೋಚಿಸಿ. ಕಾಯಿಲೆ ಇಲ್ಲದಿದ್ದರೂ ಒಂದೆರಡು ಫಲಿತಾಂಶ ಕೆಂಪು ಬಣ್ಣದಲ್ಲಿ ಬರುವ ಸಾಧ್ಯತೆ ಹೆಚ್ಚು. ಆ ಕೆಂಪು ಅಂಕಿ ನಿಮ್ಮ ಯೋಚನೆಯನ್ನು ಎಲ್ಲಿಗೋ ಎಳೆದುಕೊಂಡು ಹೋಗುತ್ತದೆ. ಜಾಸ್ತಿ ಮಾಹಿತಿ ಅಂದರೆ ಜಾಸ್ತಿ ಸ್ಪಷ್ಟತೆ ಅಲ್ಲ.

ಟೆಸ್ಟ್‌ಗೆ ಮೊದಲು ನಿಮ್ಮ ಅನುಮಾನ ಎಷ್ಟಿತ್ತು ಅನ್ನುವುದರ ಮೇಲೆ ಅದೇ ಫಲಿತಾಂಶದ ಅರ್ಥ ಬದಲಾಗುತ್ತದೆ. ಪಲ್ಮನರಿ ಎಂಬಾಲಿಸಂ ಇದಕ್ಕೆ ಒಳ್ಳೆಯ ಉದಾಹರಣೆ. ವೆಲ್ಸ್ ಸ್ಕೋರ್ ಅಂತ ಒಂದು ಲೆಕ್ಕ ಇದೆ. ಕಾಲಿನಲ್ಲಿ ಹೆಪ್ಪುಗಟ್ಟಿದ ಲಕ್ಷಣಕ್ಕೆ 3, ಬೇರೆ ಕಾಯಿಲೆಗಿಂತ ಇದೇ ಇರುವ ಸಾಧ್ಯತೆ ಹೆಚ್ಚು ಅನಿಸಿದರೆ 3, ನಾಡಿ 100ಕ್ಕಿಂತ ಹೆಚ್ಚಿದ್ದರೆ 1.5, ಇತ್ತೀಚೆಗೆ ಆಪರೇಷನ್ ಆಗಿದ್ದರೆ ಅಥವಾ ಹಾಸಿಗೆ ಹಿಡಿದಿದ್ದರೆ 1.5, ಹಿಂದೆ ಹೀಗೆ ಆಗಿದ್ದರೆ 1.5, ಕೆಮ್ಮಿನಲ್ಲಿ ರಕ್ತಕ್ಕೆ 1, ಕ್ಯಾನ್ಸರ್‌ಗೆ 1. ಸ್ಕೋರ್ ಕಡಿಮೆ ಇದ್ದು ಡಿ-ಡೈಮರ್ ಎಂಬ ರಕ್ತಪರೀಕ್ಷೆ ನಾರ್ಮಲ್ ಬಂದರೆ ಅಲ್ಲಿಗೆ ಮುಗಿಯಿತು, ಸ್ಕ್ಯಾನ್ ಬೇಡ. ಸ್ಕೋರ್ ಬಹಳ ಹೆಚ್ಚಿದ್ದರೆ ಡಿ-ಡೈಮರ್‌ಗೆ ಕಾಯದೆ ನೇರವಾಗಿ ಸ್ಕ್ಯಾನ್‌ಗೆ ಹೋಗಬೇಕು. ಟೆಸ್ಟ್ ಒಂದೇ, ರಿಪೋರ್ಟ್‌ನ ಕಾಗದವೂ ಒಂದೇ. ಅರ್ಥ ಬೇರೆ.

ಹಾಗಾಗಿ ಹಾಳೆಯಲ್ಲಿ ಪ್ರತಿ ಟೆಸ್ಟ್‌ನ ಮುಂದೆ ಎರಡು ಮಾತು ಬರೆಯಿರಿ. ಪಾಸಿಟಿವ್ ಬಂದರೆ ಏನು ಮಾಡುತ್ತೇನೆ, ನೆಗೆಟಿವ್ ಬಂದರೆ ಏನು ಮಾಡುತ್ತೇನೆ. ಎರಡೂ ಕಡೆ ಒಂದೇ ಉತ್ತರ ಬಂದರೆ ಆ ಟೆಸ್ಟ್ ಕೇಳಬೇಡಿ.

## ಹೆಜ್ಜೆ 6: ಹೊಂದದ ತುಂಡನ್ನು ಹುಡುಕಿ

ನಮ್ಮ ರೋಗಿಯ ಇಸಿಜಿ ಬಂತು. ಎರಡು, ಮೂರು ಮತ್ತು ಎವಿಎಫ್ ಲೀಡ್‌ಗಳಲ್ಲಿ ಗೆರೆಯ ಎಸ್‌ಟಿ ಎಂಬ ಭಾಗ ಮೇಲೆದ್ದಿದೆ. ಹೃದಯದ ಕೆಳಭಾಗದ ಹೃದಯಾಘಾತ! ವಿದ್ಯಾರ್ಥಿಯ ಮುಖ ಅರಳಿತು. ಪರದೆಯ ಮೇಲೆ ಚಿಕಿತ್ಸೆಯ ಪಟ್ಟಿ ತೆರೆದುಕೊಂಡಿತು. ಹೆಪ್ಪು ಕರಗಿಸುವ ಔಷಧಿಯ ಮೇಲೆ ಕರ್ಸರ್ ಬಂದು ನಿಂತಿತ್ತು.

"ಇನ್ನೊಂದು ಕೈಯ ಬಿಪಿ ಎಷ್ಟಿತ್ತು?" ಅಂತ ಕೇಳಿದೆ.

ಅವನು ಹಾಳೆ ನೋಡಿದ. ಕರ್ಸರ್ ನಿಧಾನವಾಗಿ ಪಕ್ಕಕ್ಕೆ ಸರಿಯಿತು.

ಮಹಾಪಧಮನಿಯ ಬುಡದಲ್ಲಿ ಸೀಳು ಬಿದ್ದಾಗ ಅದು ಹೃದಯಕ್ಕೇ ರಕ್ತ ಒಯ್ಯುವ ಬಲ ಕೊರೊನರಿ ರಕ್ತನಾಳದ ಬಾಯಿಯನ್ನು ಮುಚ್ಚಿಬಿಡಬಹುದು. ಆಗ ಇಸಿಜಿ ಥೇಟ್ ಹೃದಯಾಘಾತದ ಹಾಗೇ ಕಾಣುತ್ತದೆ. ಅಂಥ ರೋಗಿಗೆ ಹೆಪ್ಪು ಕರಗಿಸುವ ಔಷಧಿ ಕೊಟ್ಟರೆ ರಕ್ತಸ್ರಾವದಿಂದ ಜೀವಕ್ಕೇ ಅಪಾಯ. ಬೇಕಾದದ್ದು ತುರ್ತಾಗಿ ಸಿಟಿ ಆಂಜಿಯೋಗ್ರಾಮ್, ಆಮೇಲೆ ತುರ್ತು ಆಪರೇಷನ್. ಒಳ್ಳೆಯ ಇಸಿಜಿ ಓದುಗರನ್ನೂ ಇದು ಬೀಳಿಸುತ್ತದೆ, ಯಾಕೆಂದರೆ ಇಸಿಜಿ ಓದಿದ್ದು ತಪ್ಪಲ್ಲ. ಅಲ್ಲಿಗೇ ಯೋಚನೆ ನಿಲ್ಲಿಸಿದ್ದು ತಪ್ಪು.

ಒಂದು ಉತ್ತರ ಸಿಕ್ಕ ಕೂಡಲೇ ಬಾಗಿಲು ಹಾಕಿಬಿಡುವುದು, ಇದು ರೋಗಪತ್ತೆಯ ಬಹಳ ಹಳೆಯ ಶತ್ರು. ಮಾರ್ಕ್ ಗ್ರೇಬರ್ ಮತ್ತು ಜೊತೆಗಾರರು ರೋಗಪತ್ತೆ ತಪ್ಪಿದ 100 ಪ್ರಕರಣಗಳನ್ನು ಬಿಡಿಸಿ ನೋಡಿ 2005ರಲ್ಲಿ ಪ್ರಕಟಿಸಿದರು. ಯೋಚನೆಯ ತಪ್ಪುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಇದೇ.

ನಾನೂ ಇದೇ ತಪ್ಪು ಮಾಡಿದ್ದೇನೆ. ವಿದ್ಯಾರ್ಥಿಯಾಗಿದ್ದಾಗ ಒಂದು ಕೇಸ್ ಬಂದಿತ್ತು. ಏಳು ವರ್ಷದ ಮಗು, ಎರಡು ದಿನದಿಂದ ವಾಂತಿ, ಹೊಟ್ಟೆನೋವು, ಸುಸ್ತು. ಹೊಟ್ಟೆಯ ಸೋಂಕು ಅಂತ ತೀರ್ಮಾನಿಸಿ ಕೇಸ್ ಮುಗಿಸಿದೆ. ಮಗು ಆಳವಾಗಿ, ಬೇಗ ಬೇಗ ಉಸಿರಾಡುತ್ತಿದೆ ಅಂತ ಒಂದು ಸಾಲು ಇತ್ತು. ಓದಿದ್ದೆ, ದಾಟಿ ಹೋಗಿದ್ದೆ. ಸಕ್ಕರೆ ಪರೀಕ್ಷೆ ಕೇಳಲೇ ಇಲ್ಲ. ಅದು ಡಯಾಬಿಟಿಕ್ ಕೀಟೋಅಸಿಡೋಸಿಸ್, ಸಕ್ಕರೆ ಕಾಯಿಲೆ ವಿಷಮಿಸಿ ರಕ್ತ ಆಮ್ಲೀಯವಾಗುವ ಸ್ಥಿತಿ. ಪರದೆಯ ಮೇಲೆ ಮಗು ತೀರಿಕೊಂಡಿತು ಅಂತ ಬಂತು. ಅದು ನಿಜವಾದ ಮಗು ಅಲ್ಲ ಅಂತ ಗೊತ್ತಿದ್ದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಇವತ್ತಿಗೂ ವಾಂತಿ ಮಾಡುವ ಮಗು ಬಂದರೆ ಮೊದಲು ಉಸಿರು ಎಣಿಸುತ್ತೇನೆ.

ಉತ್ತರ ಒಪ್ಪಿಸುವ ಬಟನ್ ಒತ್ತುವ ಮೊದಲು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ:

- ನನ್ನ ಉತ್ತರ ಏನು, ಎಷ್ಟು ಖಾತ್ರಿ ಇದೆ?
- ಇದಕ್ಕೆ ಪರವಾಗಿ ಏನೇನಿದೆ?
- ಇದಕ್ಕೆ ಹೊಂದದ್ದು ಯಾವುದು? ಇರಬೇಕಾಗಿದ್ದು ಇಲ್ಲದ್ದು ಯಾವುದು?
- ಈ ಕಾಯಿಲೆ ಅಲ್ಲವೇ ಅಲ್ಲ ಅಂತ ಯಾರಾದರೂ ಹೇಳಿದರೆ, ಮುಂದಿನ ಊಹೆ ಯಾವುದು?

ಮೂರನೇ ಸಾಲಿಗೆ "ಏನೂ ಇಲ್ಲ" ಅಂತ ಬರೆಯಲು ಮನಸ್ಸಾದರೆ ಇನ್ನೊಮ್ಮೆ ಕೇಸ್ ಓದಿ.

## ಹೆಜ್ಜೆ 7: ಫೀಡ್‌ಬ್ಯಾಕ್ ಓದುವುದೂ ಒಂದು ಕೆಲಸ

ಸರಿಯುತ್ತರ ಕಂಡ ಕೂಡಲೇ "ಓಹ್, ಗೊತ್ತಿತ್ತು" ಅಂದು ಮುಂದಿನ ಕೇಸ್‌ಗೆ ಹೋಗಬೇಡಿ. ಹಾಳೆಯಲ್ಲಿ ಬರೆದಿರದಿದ್ದರೆ ಗೊತ್ತಿರಲಿಲ್ಲ ಅಂತಲೇ ಲೆಕ್ಕ. ಬರೆಯಲು ಹೇಳುತ್ತಿರುವುದು ಇದಕ್ಕೇ. ಉತ್ತರ ಗೊತ್ತಾದ ಮೇಲೆ ನಮ್ಮ ಹಳೆಯ ಯೋಚನೆಯನ್ನು ನಾವೇ ತಿದ್ದಿಕೊಂಡುಬಿಡುತ್ತೇವೆ.

ತಪ್ಪಾದಾಗ, ಎಲ್ಲಿ ತಪ್ಪಿತು ಅಂತ ಹುಡುಕಿ. ಆ ಕಾಯಿಲೆಯ ಬಗ್ಗೆ ಓದೇ ಇರಲಿಲ್ಲವೇ? ಹಾಗಾದರೆ ಪುಸ್ತಕ ತೆಗೆಯಿರಿ. ಓದಿತ್ತು, ಆದರೆ ನೆನಪಿಗೆ ಬರಲಿಲ್ಲವೇ? ಹಾಗಾದರೆ ಆ ಲಕ್ಷಣದಿಂದ ಶುರುಮಾಡಿ ಇನ್ನೂ ಮೂರು ಕೇಸ್ ಮಾಡಿ. ನೆನಪಿಗೆ ಬಂತು, ಆದರೆ ಬೇಕಾದ ಪ್ರಶ್ನೆ ಕೇಳಲಿಲ್ಲವೇ? ಅಥವಾ ಎಲ್ಲ ಸಿಕ್ಕಿದ ಮೇಲೂ ತೂಕ ತಪ್ಪಿತೇ? ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಎಲ್ಲಕ್ಕೂ "ಇನ್ನಷ್ಟು ಓದಬೇಕು" ಅಂತ ಬರೆದುಕೊಂಡರೆ ಮೂರು ಸಲ ತಪ್ಪು ಮದ್ದು ಕುಡಿದ ಹಾಗೆ.

ಉತ್ತರ ಸರಿ ಬಂದಾಗಲೂ ನೋಡಿ. ಸರಿಯಾದ ದಾರಿಯಲ್ಲಿ ಹೋಗಿ ಸರಿಯಾಯಿತೇ, ಅದೃಷ್ಟದಿಂದಲೇ?

ಆಮೇಲೆ ಆ ಕಾಯಿಲೆಗೆ ನಾಲ್ಕೈದು ಸಾಲಿನ ಒಂದು ಚಿತ್ರ ಬರೆದಿಡಿ. ಯಾರಿಗೆ ಬರುತ್ತದೆ, ಒಳಗೆ ಏನಾಗುತ್ತದೆ, ಹೊರಗೆ ಹೇಗೆ ಕಾಣುತ್ತದೆ, ಗಂಟೆಗಳಲ್ಲಿ ಹೇಗೆ ಬದಲಾಗುತ್ತದೆ. ಮುಖ್ಯವಾಗಿ, ಅದರ ಪಕ್ಕದಲ್ಲೇ ಅದನ್ನು ಹೋಲುವ ಕಾಯಿಲೆಯ ಚಿತ್ರವೂ ಇರಲಿ. ಡಿಸೆಕ್ಷನ್ ಒಂದನ್ನೇ ಬರೆಯಬೇಡಿ. ಡಿಸೆಕ್ಷನ್, ಹೃದಯಾಘಾತ, ಎಂಬಾಲಿಸಂ ಮೂರನ್ನೂ ಅಕ್ಕಪಕ್ಕ ಬರೆಯಿರಿ. ಅನುಭವಿ ವೈದ್ಯರ ತಲೆಯಲ್ಲಿ ಕಾಯಿಲೆಗಳು ಹೀಗೆ ನೆರೆಹೊರೆಯಾಗಿ ಕೂತಿರುತ್ತವೆ.

## ಕ್ವೆಶ್ಚನ್ ಬ್ಯಾಂಕ್‌ಗಳಿಗೂ ಇದೇ ಕೈ

ಬಹು ಆಯ್ಕೆಯ ಪ್ರಶ್ನೆ ಮಾಡುವಾಗ ಆಯ್ಕೆಗಳನ್ನು ಅಂಗೈಯಿಂದ ಮುಚ್ಚಿ. ಪ್ರಶ್ನೆ ಓದಿ, ನಿಮ್ಮ ಉತ್ತರ ಹೇಳಿ, ಆಮೇಲೆ ಕೈ ತೆಗೆಯಿರಿ. ನೀವು ಹೇಳಿದ್ದು ಆಯ್ಕೆಗಳಲ್ಲಿ ಇಲ್ಲದಿದ್ದರೆ ಅದೇ ಆವತ್ತಿನ ಪಾಠ.

ಒಂದೇ ವಿಷಯದ ಐವತ್ತು ಪ್ರಶ್ನೆ ಒಟ್ಟಿಗೆ ಮಾಡುವುದು ಹಿತವಾಗಿರುತ್ತದೆ, ಯಾಕೆಂದರೆ ಹತ್ತನೆಯದರ ಹೊತ್ತಿಗೆ ಉತ್ತರ ಯಾವ ಕಡೆ ಅಂತ ಗೊತ್ತಾಗಿರುತ್ತದೆ. ಆ ಹಿತವನ್ನು ನಂಬಬೇಡಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಇಸಿಜಿ ಓದಲು ಕಲಿಸಿದರು. ಬೇರೆ ಬೇರೆ ಕಾಯಿಲೆಗಳ ಇಸಿಜಿಗಳನ್ನು ಕಲಸಿ ಅಭ್ಯಾಸ ಮಾಡಿದವರು, ಒಂದೊಂದು ಕಾಯಿಲೆಯನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿದವರಿಗಿಂತ ಪರೀಕ್ಷೆಯಲ್ಲಿ ಮುಂದಿದ್ದರು. ಹೊಸ ವಿಷಯ ಮೊದಲು ಅರ್ಥ ಮಾಡಿಕೊಳ್ಳುವಾಗ ಒಂದೇ ಕಡೆ ಇರಲಿ, ಆಮೇಲೆ ಕಲಸಿಬಿಡಿ.

ಮತ್ತೆ ಓದುವುದಕ್ಕಿಂತ ಮತ್ತೆ ಪರೀಕ್ಷಿಸಿಕೊಳ್ಳುವುದು ಹೆಚ್ಚು ಕಾಲ ಉಳಿಯುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಓದಿ ಆಮೇಲೆ ನೆನಪಿನಿಂದ ಬರೆದು ನೋಡಿಕೊಂಡವರು ಮುಂದಿದ್ದರು. ತಪ್ಪಿದ ಕೇಸನ್ನು ಮಾರನೇ ದಿನ ಒಮ್ಮೆ, ಒಂದು ವಾರಕ್ಕೊಮ್ಮೆ, ಮೂರು ವಾರಕ್ಕೊಮ್ಮೆ ತೆರೆಯಿರಿ. ಪೂರ್ತಿ ಮಾಡಬೇಕಿಲ್ಲ. ಮೊದಲ ಎರಡು ಸಾಲು ಓದಿ, ಮೂರು ಊಹೆ ಮತ್ತು ಐದು ಪ್ರಶ್ನೆ ಬರೆದರೆ ಸಾಕು.

## ಗುಂಪಿನಲ್ಲಿ ಕೂತಾಗ

ಒಂದು ಸ್ಕ್ರೀನ್ ಮುಂದೆ ಮೂವರು ಕೂತರೆ ಬೇಗ ಮಾತಾಡುವವನೇ ಕೇಸ್ ಬಿಡಿಸುತ್ತಾನೆ, ಉಳಿದಿಬ್ಬರು ತಲೆಯಾಡಿಸುತ್ತಾರೆ. ಇದಕ್ಕೆ ಸಣ್ಣ ಬದಲಾವಣೆ ಸಾಕು. ಮೌಸ್ ಹಿಡಿದವರು ಬಾಯಿ ಬಿಡಬಾರದು. ಉಳಿದವರು ಹೇಳಿದ್ದನ್ನು ಮಾತ್ರ ಮಾಡಬೇಕು, ಆದರೆ ಪ್ರತಿ ಸಲ "ಯಾಕೆ?" ಅಂತ ಕೇಳಬಹುದು. ಉಳಿದವರಲ್ಲಿ ಒಬ್ಬರು ವಿರೋಧಿಯ ಪಾತ್ರ ವಹಿಸಬೇಕು: ಗುಂಪು ಯಾವ ಉತ್ತರದ ಕಡೆ ವಾಲಿದರೂ ಅದು ಅಲ್ಲ ಅಂತ ವಾದಿಸಬೇಕು. ಕೇಸ್‌ನಿಂದ ಕೇಸ್‌ಗೆ ಪಾತ್ರ ಬದಲಿಸಿ.

## ಎಐ ಚಾಟ್‌ಬಾಟ್ ಬಳಸುವವರಿಗೆ

ಬಳಸಿ, ಆದರೆ ಉತ್ತರ ಕೇಳಲು ಅಲ್ಲ. ಅದಕ್ಕೆ ರೋಗಿಯ ಪಾತ್ರ ಕೊಡಿ. "ನೀನು ಎದೆನೋವಿನ ರೋಗಿ, ಕೇಳಿದ್ದಕ್ಕಷ್ಟೇ ಉತ್ತರಿಸು, ಕಾಯಿಲೆಯ ಹೆಸರು ಹೇಳಬೇಡ" ಅಂತ ಹೇಳಿ. ಅಲ್ಲಿ ಮೆನು ಇರುವುದಿಲ್ಲವಾದ್ದರಿಂದ ಪ್ರಶ್ನೆಗಳು ನಿಮ್ಮ ತಲೆಯಿಂದಲೇ ಬರಬೇಕು. ಅದು ಒಳ್ಳೆಯ ಅಭ್ಯಾಸ. ಮುಗಿದ ಮೇಲೆ ನಿಮ್ಮ ಹಾಳೆಯ ನಾಲ್ಕು ಸಾಲು ಕೊಟ್ಟು, ಇದರಲ್ಲಿ ದುರ್ಬಲವಾದದ್ದು ಯಾವುದು ಅಂತ ಕೇಳಿ.

ಎರಡು ಎಚ್ಚರಿಕೆ. ಅದು ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ, ಹಾಗಾಗಿ ಔಷಧಿಯ ಪ್ರಮಾಣ ಮತ್ತು ಅಂಕಿಗಳನ್ನು ಪಠ್ಯಪುಸ್ತಕದಲ್ಲಿ ಸರಿನೋಡದೆ ಬರೆದುಕೊಳ್ಳಬೇಡಿ. ಇನ್ನೊಂದು, ವಾರ್ಡ್‌ನಲ್ಲಿ ನೋಡಿದ ರೋಗಿಯ ವಿವರಗಳನ್ನು ಅದರೊಳಗೆ ಟೈಪ್ ಮಾಡಬೇಡಿ. ಆ ಕಥೆ ರೋಗಿಯದ್ದು, ಅದನ್ನು ಹಂಚುವ ಹಕ್ಕು ನಮಗಿಲ್ಲ.

## ಪರದೆಯಿಂದ ವಾರ್ಡ್‌ಗೆ

ಕಂಪ್ಯೂಟರ್ ರೋಗಿ ಕೇಳಿದ್ದಕ್ಕೆ ನೇರವಾಗಿ ಉತ್ತರಿಸುತ್ತಾನೆ. ನಿಜವಾದ ರೋಗಿ ಮೊದಲು ಮಗಳ ಮದುವೆ ಬಗ್ಗೆ ಹೇಳುತ್ತಾನೆ, ನೋವಿನ ಬಗ್ಗೆ ಕೊನೆಗೆ ಹೇಳುತ್ತಾನೆ. ಪಕ್ಕದಲ್ಲಿ ನಿಂತ ಹೆಂಡತಿ ಬೇರೆಯೇ ಹೇಳುತ್ತಾಳೆ. ಈ ಗದ್ದಲದಲ್ಲಿ ಎಳೆ ಹಿಡಿಯುವುದು ಪರದೆಯಿಂದ ಬರುವುದಿಲ್ಲ. ಹಾಗಾಗಿ ಒಂದು ಕೇಸ್ ಮುಗಿಸಿದ ವಾರದಲ್ಲೇ ಅದೇ ಲಕ್ಷಣದ ಒಬ್ಬ ರೋಗಿಯನ್ನು ವಾರ್ಡ್‌ನಲ್ಲಿ ಹುಡುಕಿ. ಅವರ ಅನುಮತಿ ಕೇಳಿ, ಪಕ್ಕದಲ್ಲಿ ಕೂತು ಮಾತಾಡಿಸಿ. ಹೊರಗೆ ಬಂದು ಒಂದೇ ವಾಕ್ಯದಲ್ಲಿ ಬರೆಯಿರಿ. ಆಮೇಲೆ ಕೇಸ್ ಶೀಟ್ ತೆರೆದು ನೋಡಿ.

ಆ ಹುಡುಗ ಮುಂದಿನ ತಿಂಗಳು ನನ್ನ ಜೊತೆ ರೌಂಡ್ಸ್‌ಗೆ ಬಂದಿದ್ದ. ಎದೆನೋವು ಅಂತ ರಾತ್ರಿ ಸೇರಿದ್ದ ಒಬ್ಬರು ಮಲಗಿದ್ದರು. ಇಸಿಜಿ ಕಾಗದ ಹಾಸಿಗೆಯ ತುದಿಯಲ್ಲೇ ಇತ್ತು, ಅವನು ಅದನ್ನು ಮುಟ್ಟಲಿಲ್ಲ. ಜೇಬಿನಿಂದ ಮಡಚಿದ ಹಾಳೆ ತೆಗೆದು ಏನೋ ಬರೆದುಕೊಂಡ. ಆಮೇಲೆ ಬಿಪಿ ಪಟ್ಟಿ ಎತ್ತಿಕೊಂಡು, ಮಂಚ ಸುತ್ತಿ ಇನ್ನೊಂದು ಕಡೆಗೆ ಹೋಗಿ, "ಈ ಕೈ ಸ್ವಲ್ಪ ಕೊಡ್ತೀರಾ?" ಅಂತ ಕೇಳಿದ.